ಮೊದಲು ಮೊಣಕೈ ಅಳೆಯಿರಿ, ಆಮೇಲೆ ಮೇಜು ಮಾಡಿಸಿ

ಮರಗೆಲಸದ ಆಚಾರ್ರು ಟೇಪು ಹಿಡಿದುಕೊಂಡು ಕೇಳಿದ್ದು ಒಂದೇ ಮಾತು. "ಎತ್ತರ ಎರಡೂವರೆ ಅಡಿ ಸಾಕಲ್ಲ ಅಕ್ಕ?" ಸಾಕು ಅಂದೆ. ಮೇಜು ಅಂದರೆ ಅಷ್ಟೇ ಎತ್ತರ ಇರುತ್ತದೆ ಅಂತ ನಾನೂ ತಿಳಿದಿದ್ದೆ. ಹಲಸಿನ ಹಲಗೆಯ ಚಂದದ ಮೇಜು ಉಡುಪಿಯ ನಮ್ಮ ಮನೆಯ ಜಗಲಿಗೆ ಬಂತು.

ನಾನು ಮಾಡುವುದು ಯಕ್ಷಗಾನದ ಪುಟ್ಟ ಕಿರೀಟಗಳು, ಗೋಡೆಗೆ ತೂಗುಹಾಕುವ ಮುಖಗಳು. ತೆಳು ಹಲಗೆ ಕೊಯ್ಯಬೇಕು, ಉಜ್ಜಬೇಕು, ಬಣ್ಣ ಹಚ್ಚಬೇಕು, ಕೊನೆಗೆ ಕನ್ನಡಿ ಚೂರು ಮತ್ತು ಮಣಿ ಅಂಟಿಸಬೇಕು. ಹೊಸ ಮೇಜಿನಲ್ಲಿ ಎರಡು ತಿಂಗಳು ಕೆಲಸ ಮಾಡುವಷ್ಟರಲ್ಲಿ ಬಲ ಹೆಗಲು ಕಲ್ಲಿನ ಹಾಗೆ ಬಿಗಿದುಕೊಂಡಿತು. ರಾತ್ರಿ ಕುತ್ತಿಗೆ ತಿರುಗಿಸಲಿಕ್ಕೆ ಆಗುತ್ತಿರಲಿಲ್ಲ. ವಯಸ್ಸಾಯಿತು ಅಂದುಕೊಂಡೆ, ಎಣ್ಣೆ ತಿಕ್ಕಿದೆ. ಒಂದು ದಿನ ಸುಮ್ನೆ ಟೇಪು ತೆಗೆದು ಅಳೆದು ನೋಡಿದೆ. ಕುರ್ಚಿಯಲ್ಲಿ ಕುಳಿತಾಗ ನನ್ನ ಮೊಣಕೈ ನೆಲದಿಂದ 64 ಸೆಂ.ಮೀ. ಎತ್ತರದಲ್ಲಿತ್ತು. ಮೇಜು 76. ದಿನಕ್ಕೆ ಐದು ಗಂಟೆ ನಾನು ಎರಡೂ ಹೆಗಲನ್ನು ಮೇಲೆತ್ತಿ ಹಿಡಿದುಕೊಂಡೇ ಕೂತಿದ್ದೆ.

ಎರಡೂವರೆ ಅಡಿ ಎಂಬುದು ಊಟಕ್ಕೆ, ಬರವಣಿಗೆಗೆ ರೂಢಿಯಾದ ಎತ್ತರ. ಅದು ನಿಮ್ಮ ಮೈ ನೋಡಿ ಹುಟ್ಟಿದ್ದಲ್ಲ, ನಿಮ್ಮ ಕೆಲಸ ನೋಡಿ ಹುಟ್ಟಿದ್ದೂ ಅಲ್ಲ. ಮೇಜಿನ ಎತ್ತರ ನಿಮ್ಮ ಮೊಣಕೈಯಿಂದ ಶುರುವಾಗಬೇಕು. ಕೂರುವುದು ಹೇಗೆ, ಕಾಲು ಎಲ್ಲಿ ಎಂಬುದೆಲ್ಲ ಅದರ ನಂತರ. ಹೊಲಿಗೆ, ಮಣಿ ಕೆಲಸ, ಮರದ ಕೆಲಸ, ಹೂ ಕಟ್ಟುವುದು ಯಾವುದೇ ಇರಲಿ, ಇದೇ ದಾರಿಯಲ್ಲಿ ಹೋಗಬಹುದು.

ಹೆಜ್ಜೆ 1: ನಿಮ್ಮದು ಯಾವ ಬಗೆಯ ಕೆಲಸ?

ಕಣ್ಣು ಕೆಲಸವನ್ನು ಮೇಲಕ್ಕೆ ಕರೆಯುತ್ತದೆ. ಹೆಗಲು ಅದನ್ನು ಕೆಳಕ್ಕೆ ಎಳೆಯುತ್ತದೆ. ನೋವಿನ ಮೂಲ ಬಹುಪಾಲು ಈ ಜಗಳದಲ್ಲೇ ಇದೆ. ಮೇಜು ತಗ್ಗಾದರೆ ಹೆಗಲು ಗೆಲ್ಲುತ್ತದೆ, ಆದರೆ ಬೆನ್ನು ಬಾಗುತ್ತದೆ. ಮೇಜು ಎತ್ತರವಾದರೆ ಹೆಗಲು ಕಿವಿಯ ಕಡೆಗೆ ಏರುತ್ತದೆ. ಎಲ್ಲಿ ರಾಜಿ ಮಾಡಬೇಕು ಎಂಬುದನ್ನು ಕೆಲಸವೇ ಹೇಳುತ್ತದೆ.

ಮರ ನುಣುಪು ಮಾಡಲು ಕೀಸುಳಿ ಹಾಕುವುದು, ಗರಗಸದಲ್ಲಿ ಕೊಯ್ಯುವುದು, ಜೇಡಿಮಣ್ಣು ನಾದುವುದು ಬಲದ ಕೆಲಸ. ಇಲ್ಲಿ ಬರೀ ಕೈಯಲ್ಲಿ ಒತ್ತಿದರೆ ಸಾಲುವುದಿಲ್ಲ, ಮೈಯ ಭಾರ ಬೀಳಬೇಕು. ಹಾಗಾಗಿ ಮೇಜು ಮೊಣಕೈಗಿಂತ ಚೆನ್ನಾಗಿ ಕೆಳಗಿರಬೇಕು. ನಿಂತು ಮಾಡುವಾಗ 20ರಿಂದ 40 ಸೆಂ.ಮೀ. ಕೆಳಗೆ.

ಬಣ್ಣ ಹಚ್ಚುವುದು, ಬಟ್ಟೆ ಕತ್ತರಿಸುವುದು, ಅಂಟಿಸುವುದು, ಕಟ್ಟಿ ಪ್ಯಾಕ್ ಮಾಡುವುದು ಹಗುರ ಕೆಲಸ. ಇವಕ್ಕೆ ನಿಂತು ಮಾಡುವಾಗ ಮೊಣಕೈಗಿಂತ 5ರಿಂದ 10 ಸೆಂ.ಮೀ. ಕೆಳಗಿದ್ದರೆ ಸಾಕು, ಕುಳಿತು ಮಾಡುವಾಗ ಮೊಣಕೈ ಮಟ್ಟ, ಇಲ್ಲವೇ ಸ್ವಲ್ಪ ಕೆಳಗೆ.

ಮಣಿ ಪೋಣಿಸುವುದು, ಕಸೂತಿ, ಸಣ್ಣ ಕೆತ್ತನೆ, ಕಲ್ಲು ಕೂರಿಸುವುದು ಸೂಕ್ಷ್ಮ ಕೆಲಸ. ಇಲ್ಲಿ ಮೇಜು ಮೊಣಕೈಗಿಂತ 5ರಿಂದ 10 ಸೆಂ.ಮೀ. ಮೇಲೆ ಇರಬೇಕು. ಆದರೆ ಒಂದು ಕಟ್ಟುನಿಟ್ಟಿನ ಷರತ್ತು ಉಂಟು. ಮುಂಗೈ ಮೇಜಿನ ಮೇಲೆ ಆರಾಮಾಗಿ ಒರಗಿರಬೇಕು. ಒರಗಲು ಜಾಗ ಇಲ್ಲದಿದ್ದರೆ ಕೈಯ ಭಾರ ಪೂರ್ತಿ ಹೆಗಲಿಗೆ ಬೀಳುತ್ತದೆ. ನನಗೆ ಆಗಿದ್ದೂ ಇದೇ. ಮೇಜು 12 ಸೆಂ.ಮೀ. ಮೇಲಿತ್ತು, ಅದರ ಜೊತೆಗೆ ಮೇಜಿನ ಅಂಚಿನವರೆಗೂ ಡಬ್ಬಗಳನ್ನು ಹರಡಿಕೊಂಡಿದ್ದೆ. ಮುಂಗೈ ಇಡಲು ಅಂಗೈ ಅಗಲದ ಜಾಗವೂ ಉಳಿದಿರಲಿಲ್ಲ.

ಚಿನ್ನದ ಕೆಲಸದವರು ನೆಲದಲ್ಲಿ ಕುಳಿತು ಗಿಡ್ಡ ಮೇಜಿನ ಮುಂದೆ ಕೆಲಸ ಮಾಡುವುದನ್ನು ನೀವು ನೋಡಿರಬಹುದು. ಕೆಲಸ ಎದೆಗೆ ಹತ್ತಿರ ಇರುತ್ತದೆ, ಮೊಣಕೈಗೆ ಒಂದು ಆಸರೆ ಇರುತ್ತದೆ. ಸೂಕ್ಷ್ಮ ಕೆಲಸಕ್ಕೆ ಎತ್ತರ ಬೇಕು, ಆಸರೆಯೂ ಬೇಕು ಎಂಬುದು ಅವರ ಕೂರುವ ರೀತಿಯಲ್ಲೇ ಕಾಣುತ್ತದೆ.

ಒಂದು ಚೀಟಿಯಲ್ಲಿ ನೀವು ಮಾಡುವ ಕೆಲಸಗಳನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ ದಿನಕ್ಕೆ ಎಷ್ಟು ಹೊತ್ತು ಅಂತಲೂ ಬರೆಯಿರಿ. ಜಾಸ್ತಿ ಹೊತ್ತು ತಿನ್ನುವ ಕೆಲಸಕ್ಕೆ ಮೇಜನ್ನು ಹೊಂದಿಸಿ. ಉಳಿದವಕ್ಕೆ ಮೇಲೆ ಪೆಟ್ಟಿಗೆ ಇಟ್ಟೋ, ನಿಂತೋ ಕುಳಿತೋ ದಾರಿ ಮಾಡಿಕೊಳ್ಳಬಹುದು.

ಹೆಜ್ಜೆ 2: ಅಳತೆ ತೆಗೆಯುವುದು

ಇದಕ್ಕೆ ಇನ್ನೊಬ್ಬರು ಬೇಕು. ನೀವೇ ಟೇಪು ಹಿಡಿದು ಬಗ್ಗಿದರೆ ಅಳತೆ ತಪ್ಪುತ್ತದೆ. ಕೆಲಸ ಮಾಡುವಾಗ ಬರಿಗಾಲಿನಲ್ಲಿ ಇರುತ್ತೀರಾದರೆ ಬರಿಗಾಲಲ್ಲೇ ಅಳೆಯಿರಿ. ಚಪ್ಪಲಿ ಹಾಕುತ್ತೀರಾದರೆ ಅದೇ ಚಪ್ಪಲಿಯಲ್ಲಿ. ಎರಡು ಸೆಂ.ಮೀ. ವ್ಯತ್ಯಾಸ ಅಲ್ಲೇ ಬರುತ್ತದೆ.

ನಿಂತು ಎರಡು ಅಳತೆ. ಹೆಗಲು ಸಡಿಲ ಬಿಟ್ಟು, ಮೇಲ್ತೋಳು ಮೈಗೆ ತಾಗಿರುವಂತೆ ಇಟ್ಟು, ಮೊಣಕೈಯನ್ನು ಮೂಲೆಮಟ್ಟದ ಹಾಗೆ ಲಂಬಕೋನಕ್ಕೆ ಮಡಚಿ. ನೆಲದಿಂದ ಮೊಣಕೈಯ ಕೆಳತುದಿಯವರೆಗೆ ಒಂದು. ಕೈಯನ್ನು ನೇರ ಇಳಿಬಿಟ್ಟು, ನೆಲದಿಂದ ಮಣಿಕಟ್ಟಿನ ಗೆರೆಯವರೆಗೆ ಇನ್ನೊಂದು.

ಕುಳಿತು ಮೂರು ಅಳತೆ. ಗಟ್ಟಿ ಸ್ಟೂಲಿನ ಮೇಲೆ ಕುಳಿತು ಪಾದ ಪೂರ್ತಿ ನೆಲಕ್ಕೆ ತಾಗಿಸಿ. ಮೊಣಕಾಲಿನ ಹಿಂದಿನ ಮಡಿಕೆ ನೆಲದಿಂದ ಎಷ್ಟು? ಸ್ಟೂಲಿನ ಮೇಲ್ಮೈಯಿಂದ ಮೊಣಕೈಗೆ ಎಷ್ಟು? ತೊಡೆಯ ದಪ್ಪ ಎಷ್ಟು? ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಮೇಜಿನ ಕೆಳಗೆ ತೊಡೆ ಹೋಗದಿದ್ದರೆ ಉಳಿದ ಲೆಕ್ಕವೆಲ್ಲ ವ್ಯರ್ಥ.

ನನ್ನ ಲೆಕ್ಕ ಇಲ್ಲಿದೆ, ಉದಾಹರಣೆಗೆ ಇಟ್ಟುಕೊಳ್ಳಿ. ಎತ್ತರ 156 ಸೆಂ.ಮೀ. ನಿಂತಾಗ ಮೊಣಕೈ 98, ಮಣಿಕಟ್ಟು 76. ಮೊಣಕಾಲಿನ ಮಡಿಕೆ 40. ಸ್ಟೂಲಿನಿಂದ ಮೊಣಕೈ 21. ತೊಡೆ 14.

ಅಳತೆ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಲು ಒಂದು ಉಪಾಯ. ನಿಮ್ಮ ಎತ್ತರವನ್ನು 0.63ರಿಂದ ಗುಣಿಸಿ. ನಿಂತಾಗಿನ ಮೊಣಕೈ ಎತ್ತರ ಸುಮಾರು ಅಷ್ಟೇ ಬರುತ್ತದೆ. ನನ್ನದು 156ಕ್ಕೆ 98. ನಿಮ್ಮದು ಐದಾರು ಸೆಂ.ಮೀ. ಆಚೀಚೆ ಬಂದರೆ ಮತ್ತೊಮ್ಮೆ ಅಳೆಯಿರಿ. ಎರಡನೇ ಸಲವೂ ಅದೇ ಬಂದರೆ ಟೇಪನ್ನೇ ನಂಬಿ. ಒಬ್ಬೊಬ್ಬರ ತೋಳು ಒಂದೊಂದು ಉದ್ದ.

ಹೆಜ್ಜೆ 3: ಲೆಕ್ಕ ಹಾಕುವುದು

ನಿಂತು ಮಾಡುವ ಕೆಲಸ ಮೊದಲು. ನನ್ನ ಮೊಣಕೈ 98. ಸೂಕ್ಷ್ಮ ಕೆಲಸಕ್ಕೆ 103ರಿಂದ 108. ಹಗುರ ಕೆಲಸಕ್ಕೆ 88ರಿಂದ 93. ಬಲದ ಕೆಲಸಕ್ಕೆ 58ರಿಂದ 78. ಕೀಸುಳಿಗೆ ಮಣಿಕಟ್ಟಿನ ಆಸುಪಾಸಿನ ಎತ್ತರ ಹಿತ, ಅಂದರೆ ನನಗೆ 75, 76. ವಸ್ತುವನ್ನು ಬಿಗಿಹಿಡಿಯುವ ಕಬ್ಬಿಣದ ವೈಸ್ ಕೂರಿಸುವುದಾದರೆ ಮಾತ್ರ ಲೆಕ್ಕ ಬೇರೆ. ಅರ ಹಾಕಲು ವೈಸಿನ ಬಾಯಿಯ ಮೇಲಂಚು ಮೊಣಕೈ ಮಟ್ಟಕ್ಕೆ ಬರಬೇಕು.

ಕುಳಿತು ಮಾಡುವುದಕ್ಕೆ ಮೊದಲು ಆಸನದ ಎತ್ತರ ಗೊತ್ತಾಗಬೇಕು. ಮೊಣಕಾಲಿನ ಮಡಿಕೆ ಎಷ್ಟೋ ಆಸನ ಅಷ್ಟು. ನನಗೆ 40. ಅದಕ್ಕೆ 21 ಕೂಡಿಸಿದರೆ ಮೊಣಕೈ 61ಕ್ಕೆ ಬರುತ್ತದೆ. ಸೂಕ್ಷ್ಮ ಕೆಲಸದ ಮೇಜು 66ರಿಂದ 71. ಹಗುರ ಕೆಲಸಕ್ಕೆ 61, ಇಲ್ಲವೇ ಸ್ವಲ್ಪ ಕೆಳಗೆ. ಈಗ ತೊಡೆಯ ಲೆಕ್ಕ ನೋಡಿ. 40 ಮತ್ತು 14 ಸೇರಿ 54. ಆಡಲು ಎರಡು ಸೆಂ.ಮೀ. ಬಿಟ್ಟರೆ 56. ಮೇಜಿನ ಹಲಗೆಯ ಕೆಳಮೈ ಅದಕ್ಕಿಂತ ಕೆಳಗೆ ಬರಬಾರದು. ಅಂದರೆ 61ರ ಮೇಜಿಗೆ ಹಲಗೆಯ ದಪ್ಪಕ್ಕಷ್ಟೇ ಜಾಗ. ಡ್ರಾಯರ್ ಬೇಕೇ ಬೇಕು ಅನ್ನುವವರು ಅದನ್ನು ಪಕ್ಕಕ್ಕೆ ಹಾಕಿಸಿ, ತೊಡೆಯ ನೇರಕ್ಕೆ ಬೇಡ.

ಲೆಕ್ಕ ಮುಗಿಸಿದಾಗ ನನಗೆ ಒಂದು ಖುಷಿಯ ಸಂಗತಿ ಕಂಡಿತು. ನನ್ನ 76ರ ಮೇಜು ನನ್ನ ಮಣಿಕಟ್ಟಿಗೆ ಸರಿಸಮ! ಕುಳಿತು ಮಣಿ ಅಂಟಿಸಲು ಅಷ್ಟು ಕಾಡಿದ ಮೇಜು, ನಿಂತು ಹಲಗೆ ಕೊಯ್ಯಲು ಹೇಳಿ ಮಾಡಿಸಿದ ಹಾಗಿತ್ತು. ಮೇಜಿನ ಕಾಲು ಕತ್ತರಿಸಲಿಲ್ಲ. ಕುರ್ಚಿಯನ್ನು 43ರಿಂದ 48ಕ್ಕೆ ಎತ್ತಿದೆ. ಮೊಣಕೈ 69ಕ್ಕೆ ಬಂತು, ಮೇಜು ಈಗ 7 ಸೆಂ.ಮೀ. ಮಾತ್ರ ಮೇಲೆ. ನೇತಾಡುವ ಕಾಲಿಗೆ 8 ಸೆಂ.ಮೀ. ಎತ್ತರದ ಒಂದು ಹಲಗೆ ಇಟ್ಟೆ. ನಿಂತು ಬಣ್ಣ ಹಚ್ಚುವಾಗ ಮೇಜಿನ ಮೇಲೆ 14 ಸೆಂ.ಮೀ. ಎತ್ತರದ ಗಟ್ಟಿ ಪೆಟ್ಟಿಗೆ ಬೋರಲು ಹಾಕುತ್ತೇನೆ, ಆಗ 90 ಆಗುತ್ತದೆ. ಒಂದು ಮೇಜು, ಮೂರು ಕೆಲಸ. ಖರ್ಚಾದದ್ದು ಎರಡು ಹಲಗೆ, ಒಂದು ಪೆಟ್ಟಿಗೆ.

ಹೆಜ್ಜೆ 4: ದುಡ್ಡು ಹಾಕುವ ಮೊದಲು ಪರೀಕ್ಷೆ

ಕಾಗದದ ಮೇಲಿನ ಲೆಕ್ಕ ಹತ್ತಿರಕ್ಕೆ ತಂದು ಬಿಡುತ್ತದೆ. ಕೊನೆಯ ಎರಡು ಮೂರು ಸೆಂ.ಮೀ. ನಿಮ್ಮ ಮೈಯೇ ಹೇಳಬೇಕು.

ಹಂಚಿನ ಮನೆಗಳಲ್ಲಿ ಮಾಡಿಗೆ ಹಾಕುವ ಮರದ ರೀಪು, ಪಕ್ಕಾಸಿನ ತುಂಡುಗಳಿಗೆ ಬರ ಇಲ್ಲ. ಒಂದೇ ದಪ್ಪದ ನಾಲ್ಕು ತುಂಡು ಆರಿಸಿ ಮೇಜಿನ ಕಾಲುಗಳ ಕೆಳಗೆ ಕೊಡಿ. ಕಾಲು ಜಾರದಂತೆ ತುಂಡಿನ ಸುತ್ತ ಸಣ್ಣ ಪಟ್ಟಿ ಹೊಡೆಯಿರಿ. ಮೇಜಿನ ಕಾಲಿಗೆ ಬರೀ ಪುಸ್ತಕದ ರಾಶಿ ಕೊಡಬೇಡಿ, ಕೊಯ್ಯುವಾಗ ಜಾರುತ್ತದೆ. ಮೇಜು ತಗ್ಗಿಸಿ ನೋಡಬೇಕು ಅಂದರೆ ಉಪಾಯ ತಿರುಗುಮುರುಗು. ಆಸನವನ್ನು ಎತ್ತಿ, ಕಾಲಡಿಗೆ ಅಷ್ಟೇ ಎತ್ತರದ ಹಲಗೆ ಕೊಡಿ. ಮೈಗೆ ಮೇಜು ತಗ್ಗಿದ ಹಾಗೇ ಅನ್ನಿಸುತ್ತದೆ.

ಒಂದೊಂದು ಎತ್ತರದಲ್ಲಿ ಕನಿಷ್ಠ ಮೂರು ದಿನ ನಿಜವಾದ ಕೆಲಸ ಮಾಡಿ. ಹತ್ತು ನಿಮಿಷಕ್ಕೆ ಎಲ್ಲ ಎತ್ತರವೂ ಚೆನ್ನಾಗಿರುತ್ತದೆ. ಅರ್ಧ ಗಂಟೆ ಕೆಲಸ ಆದ ಮೇಲೆ ಕೈ ಹಾಗೇ ಇರಲಿ, ಕಣ್ಣು ಮುಚ್ಚಿ ಉಸಿರು ಬಿಡಿ. ಹೆಗಲು ಕೆಳಗೆ ಇಳಿಯಿತಾ? ಹಾಗಾದರೆ ಮೇಜು ಎತ್ತರವಾಗಿದೆ. ಗದ್ದ ಮುಂದಕ್ಕೆ ಚಾಚಿ ಬೆನ್ನು ಗೂನಾಗಿದೆಯಾ? ಮೇಜು ತಗ್ಗು, ಅಥವಾ ಕೆಲಸ ದೂರ, ಅಥವಾ ಬೆಳಕು ಸಾಲದು. ಈ ಮೂರರಲ್ಲಿ ಯಾವುದು ಅಂತ ಒಂದೊಂದನ್ನೇ ಬದಲಿಸಿ ನೋಡಿ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ.

ಮುಂಗೈ ಮೇಲೆ ಕೆಂಪು ಗೆರೆ ಬಿದ್ದಿದೆಯಾ ನೋಡಿ. ಮೇಜಿನ ಅಂಚು ಚೂಪಾಗಿದ್ದರೆ ಹೀಗಾಗುತ್ತದೆ. ಅಂಚನ್ನು ಬೆರಳಿನಷ್ಟು ಉರುಟು ಮಾಡಿಸಿ, ಆಗದಿದ್ದರೆ ಹಳೆ ಬೈರಾಸು (ಟವೆಲ್) ಮಡಚಿ ಹಾಕಿ.

ಹೆಜ್ಜೆ 5: ಕುರ್ಚಿಯೋ, ಸ್ಟೂಲೋ?

ಮೇಜಿಗೆ ಸಾವಿರಾರು ರೂಪಾಯಿ ಹಾಕುತ್ತೇವೆ, ಆಮೇಲೆ ಮನೆಯಲ್ಲಿದ್ದ ಪ್ಲಾಸ್ಟಿಕ್ ಕುರ್ಚಿ ಎಳೆದು ಕೂರುತ್ತೇವೆ. ಈ ಕುರ್ಚಿಯ ಆಸನ ಹಿಂದಕ್ಕೆ ತಗ್ಗಾಗಿರುತ್ತದೆ. ಹರಟೆಗೆ, ಟಿವಿ ನೋಡಲು ಅದು ಸರಿ. ಮುಂದಕ್ಕೆ ಬಾಗಿ ಕೆಲಸ ಮಾಡುವಾಗ ಸೊಂಟ ಹಿಂದಕ್ಕೆ ಉರುಳುತ್ತದೆ, ಬೆನ್ನು ಮುಂದಕ್ಕೆ ಗೂನಾಗುತ್ತದೆ. ಅದನ್ನೇ ಬಳಸುವುದಾದರೆ ಹಿಂಭಾಗದ ತಗ್ಗಿಗೆ ಹಳೆ ಬೆಡ್‌ಶೀಟ್ ಗಟ್ಟಿಯಾಗಿ ಮಡಚಿ ತುಂಬಿ. ಆಸನ ಸಮಮಟ್ಟ ಆಗಬೇಕು, ಹಿಂದೆ ಎರಡು ಮೂರು ಸೆಂ.ಮೀ. ಎತ್ತರವಾದರೆ ಇನ್ನೂ ಒಳ್ಳೆಯದು. ನಾನು ಕುರ್ಚಿ ಎತ್ತಿದ್ದೂ ಹೀಗೇ. ಮೊದಲು ತಗ್ಗು ತುಂಬಿದೆ, ಆಮೇಲೆ ಮೇಲೊಂದು ಹಲಗೆ ಕೂರಿಸಿ ಕಟ್ಟಿದೆ.

ಆಸನದ ಆಳವನ್ನೂ ನೋಡಿ. ಹಿಂದಕ್ಕೆ ಪೂರ್ತಿ ಸರಿದು ಕುಳಿತಾಗ ಆಸನದ ಮುಂದಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಮೂರು ಬೆರಳು ಹೋಗಬೇಕು. ಗಿಡ್ಡ ಇರುವವರಿಗೆ ದೊಡ್ಡ ಕುರ್ಚಿಯಲ್ಲಿ ಇದು ಸಾಧ್ಯವಾಗುವುದಿಲ್ಲ. ಅವರು ಅಂಚಿಗೆ ಬಂದು ಕೂರುತ್ತಾರೆ, ಬೆನ್ನಿನ ಆಸರೆ ಇದ್ದೂ ಇಲ್ಲದ ಹಾಗೆ. ಬೆನ್ನಿಗೂ ಕುರ್ಚಿಗೂ ನಡುವೆ ಗಟ್ಟಿ ದಿಂಬು ಕೊಟ್ಟರೆ ಸರಿಹೋಗುತ್ತದೆ. ಆಸರೆ ಬೇಕಾದದ್ದು ಸೊಂಟದ ಮೇಲಿನ ಒಳಬಾಗಿಗೆ, ಹೆಗಲಿಗಲ್ಲ.

ಕೈಯಿರುವ ಕುರ್ಚಿ ಕರಕುಶಲ ಕೆಲಸಕ್ಕೆ ಹೆಚ್ಚಾಗಿ ಅಡ್ಡಿಯೇ. ಕುರ್ಚಿಯ ಕೈ ಮೇಜಿಗೆ ತಾಗಿ, ನೀವು ಅರ್ಧ ಅಡಿ ದೂರದಲ್ಲೇ ನಿಂತುಬಿಡುತ್ತೀರಿ. ಚಕ್ರದ ಕುರ್ಚಿಯಲ್ಲಿ ಕುಳಿತು ಉಳಿ ಹಿಡಿಯಬೇಡಿ. ಒತ್ತಿದಾಗ ಕುರ್ಚಿ ಹಿಂದೆ ಹೋಗುತ್ತದೆ, ಉಳಿ ಕೈಗೆ ಬರುತ್ತದೆ.

ಮತ್ತೆ ನಮ್ಮ ಹವೆ. ಏಪ್ರಿಲ್ ಬಂತೆಂದರೆ ರೆಕ್ಸಿನ್ ಆಸನ ತೊಡೆಗೆ ಅಂಟಿಕೊಳ್ಳುತ್ತದೆ. ಬೆತ್ತ ಹೆಣೆದ ಆಸನದಲ್ಲಿ ಗಾಳಿ ಆಡುತ್ತದೆ, ನನ್ನ ಮಟ್ಟಿಗೆ ಕರಾವಳಿಗೆ ಅದಕ್ಕಿಂತ ಒಳ್ಳೆಯ ಆಸನ ಇಲ್ಲ. ಎತ್ತರ ಏರಿಳಿಸುವ ಕುರ್ಚಿ ಕೊಳ್ಳುವಾಗ ಕಬ್ಬಿಣದ ಭಾಗಗಳನ್ನು ನೋಡಿ ಕೊಳ್ಳಿ. ಮಲ್ಪೆ, ಉಳ್ಳಾಲದಂಥ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಚಕ್ರ ಮತ್ತು ಕೊಳವೆ ಬೇಗ ತುಕ್ಕು ಹಿಡಿಯುತ್ತವೆ. ಅಂಥ ಕಡೆ ಮರದ ಸ್ಟೂಲು, ಮೇಲೊಂದು ದಿಂಬು ಸಾಕು.

ಕಾಲಡಿಯ ಹಲಗೆಯನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಕಾಲು ನೇತಾಡಿದರೆ ತೊಡೆಯ ಕೆಳಭಾಗ ಒತ್ತಿ ಜುಂ ಹಿಡಿಯುತ್ತದೆ. ಹಲಗೆ ಎರಡೂ ಪಾದ ಆಚೀಚೆ ಸರಿಸುವಷ್ಟು ಅಗಲ ಇರಲಿ. ನಿಂತು ಕೆಲಸ ಮಾಡುವವರಿಗೂ 10ರಿಂದ 15 ಸೆಂ.ಮೀ. ಎತ್ತರದ ಹಲಗೆ ಬೇಕು. ಒಂದು ಕಾಲನ್ನು ಅದರ ಮೇಲಿಟ್ಟು, ಆಗಾಗ ಕಾಲು ಬದಲಿಸಿದರೆ ಸೊಂಟಕ್ಕೆ ತುಂಬಾ ಹಗುರ.

ಹೆಜ್ಜೆ 6: ನೆಲದಲ್ಲಿ ಕೂರುವವರಿಗೆ

ಕುರ್ಚಿ ಮೇಜು ಇದ್ದರೆ ಮಾತ್ರ ಸರಿಯಾದ ಕೂರುವಿಕೆ ಅಂತ ನಾನು ಒಪ್ಪುವುದಿಲ್ಲ. ನಮ್ಮ ಊರಿನ ಎಷ್ಟೋ ಕೈಕೆಲಸ ನಡೆಯುವುದು ನೆಲದಲ್ಲೇ. ಉಡುಪಿ ಹತ್ತಿರದ ಶಂಕರಪುರದ ಕಡೆ ಬೆಳಗಾದರೆ ಮನೆಮನೆಯಲ್ಲಿ ಮಲ್ಲಿಗೆ ಕಟ್ಟುತ್ತಾರೆ. ಒಂದು ಚೆಂಡಿಗೆ 800 ಹೂವಿನ ಲೆಕ್ಕ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಟ್ಟೆ ಮುಗಿಯಬೇಕಾದರೆ 3,200 ಹೂವಿಗೆ ಬಾಳೆನಾರು ಸುತ್ತಬೇಕು. ಅಷ್ಟು ಹೊತ್ತೂ ತಲೆ ಕೆಳಗೆ. ಬೀಡಿ ಕಟ್ಟುವ ಅಮ್ಮಂದಿರು ಕಾಲು ಚಾಚಿ, ತಡ್ಪೆಯನ್ನು (ಮೊರವನ್ನು) ತೊಡೆಯ ಮೇಲಿಟ್ಟು ಗಂಟೆಗಟ್ಟಲೆ ಬಾಗಿ ಕೂರುತ್ತಾರೆ. ಇವರ ಕುತ್ತಿಗೆ ನೋವಿಗೆ ನೆಲ ಕಾರಣ ಅಲ್ಲ. ಕೆಲಸ ತೀರಾ ಕೆಳಗಿರುವುದು ಕಾರಣ.

ಹಾಗಾದರೆ ಏನು ಮಾಡಬೇಕು? ಮೊದಲು ಕುಂಡೆಯನ್ನು ಮೇಲೆತ್ತಿ. ಬರೀ ನೆಲದಲ್ಲಿ ಚಕ್ಕಳಮಕ್ಕಳ ಹಾಕಿದರೆ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುತ್ತದೆ, ಬೆನ್ನು ಗೂನಾಗುತ್ತದೆ. ಊಟದ ಮಣೆಯ ಮೇಲೆ ಗಟ್ಟಿ ದಿಂಬು ಹಾಕಿ ಒಟ್ಟು 10ರಿಂದ 15 ಸೆಂ.ಮೀ. ಮಾಡಿಕೊಳ್ಳಿ. ಮೊಣಕಾಲು ಕೆಳಗಿಳಿಯುತ್ತದೆ, ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ನಮ್ಮ ಅಜ್ಜಿಯ ಕಾಲದಲ್ಲಿ ಮಣೆ ಇಲ್ಲದೆ ಯಾರೂ ಕೂರುತ್ತಿರಲಿಲ್ಲ. ಮಳೆಗಾಲದಲ್ಲಿ ತಣ್ಣಗಿರುವ ಕಾವಿ ನೆಲದಿಂದ ಮೈ ಬೇರೆ ಮಾಡಲಿಕ್ಕೂ ಅದೇ ಬೇಕು.

ಎರಡನೆಯದು, ಮುಂದೆ ಒಂದು ಗಿಡ್ಡ ಮೇಜು. ಲೆಕ್ಕ ಮೊದಲಿನದೇ. ನೀವು ಕೂತ ಮಣೆಯ ಎತ್ತರಕ್ಕೆ ಮೊಣಕೈ ಅಳತೆ ಕೂಡಿಸಿ. ನನಗೆ 12ಕ್ಕೆ 21 ಸೇರಿ 33. ಹೂ ಕಟ್ಟುವಂಥ ಹಗುರ ಕೆಲಸಕ್ಕೆ 30ರ ಹತ್ತಿರ, ಮಣಿ ಕೆಲಸಕ್ಕೆ 38ರಿಂದ 43. ಮೇಜಿನ ಕೆಳಗೆ ಮಡಚಿದ ಮೊಣಕಾಲು ಹೋಗುವಷ್ಟು ಅಗಲ ಬೇಕು. ಹೋಗದಿದ್ದರೆ ಮೇಜು ದೂರವಾಗುತ್ತದೆ, ಮತ್ತೆ ಬಾಗುತ್ತೀರಿ. ಮೇಜು ಬೇಡ ಅನ್ನುವ ಹೂವಿನವರು, ಬೀಡಿಯವರು ತೊಡೆಯ ಮೇಲೆ ಗಟ್ಟಿ ದಿಂಬು ಇಟ್ಟು ಅದರ ಮೇಲೆ ತಟ್ಟೆ, ತಡ್ಪೆ ಇಟ್ಟುಕೊಳ್ಳಲಿ. ಕೆಲಸ 10 ಸೆಂ.ಮೀ. ಮೇಲೆ ಬಂದರೂ ಕುತ್ತಿಗೆಗೆ ಗೊತ್ತಾಗುತ್ತದೆ. ಬೆನ್ನಿಗೆ ಗೋಡೆಯೋ ಕಂಬವೋ ಇರಲಿ.

ಗುಳಿಮಗ್ಗ ನೋಡಿದ್ದೀರಾ? ನೇಯುವವರು ನೆಲದ ಮಟ್ಟದಲ್ಲಿ ಕೂತು ಕಾಲನ್ನು ಗುಳಿಗೆ ಇಳಿಬಿಡುತ್ತಾರೆ. ಮಗ್ಗ ನೆಲದಲ್ಲಿದ್ದರೂ ಕಾಲಿಗೆ ಕುರ್ಚಿಯಲ್ಲಿ ಕುಳಿತ ಸುಖ. ಎತ್ತರದ ಜಗಲಿ ಇರುವ ಮನೆಗಳಲ್ಲಿ ನಾವೂ ಹಾಗೆ ಮಾಡಬಹುದು. ಜಗಲಿಯ ಅಂಚಿನಲ್ಲಿ ಕೂತು ಕಾಲು ಮೆಟ್ಟಿಲಿಗೆ ಬಿಟ್ಟು, ತೊಡೆಯ ಮೇಲೆ ಹಲಗೆ ಇಟ್ಟು ಕಸೂತಿ ಹಾಕಿದರೆ ಎಷ್ಟು ಹಾಯಾಗಿರುತ್ತದೆ ಗೊತ್ತುಂಟಾ!

ಮೊಣಕಾಲು ನೋವು ಇರುವವರು ಮಾತ್ರ ನೆಲಕ್ಕೆ ಹಟ ಹಿಡಿಯಬೇಡಿ. ಏಳುವಾಗಿನ ಕಷ್ಟಕ್ಕೆ ಹೆದರಿ ಎರಡು ಮೂರು ಗಂಟೆ ಕೂತಲ್ಲೇ ಕೂರುತ್ತೀರಿ. ಅದು ಇನ್ನೂ ಕೆಟ್ಟದು.

ಹೊಲಿಗೆ ಮೆಷಿನ್ನಿನವರಿಗೆ ಒಂದು ಮಾತು

ಕಾಲಿನ ಮೆಷಿನ್ನಿನಲ್ಲಿ ಬಟ್ಟೆ ಸಾಗುವ ಮಟ್ಟವೂ ಮೇಜಿನ ಮಟ್ಟವೂ ಒಂದೇ. ಈಗಿನ ಎತ್ತಿಡುವ ಮೆಷಿನ್ನನ್ನು ಊಟದ ಮೇಜಿನ ಮೇಲೆ ಇಟ್ಟರೆ ಬಟ್ಟೆ ಸಾಗುವ ಜಾಗ ಇನ್ನೂ 7, 8 ಸೆಂ.ಮೀ. ಮೇಲೇರುತ್ತದೆ. 76ರ ಮೇಜಿನಲ್ಲಿ 83, 84! ಅಳೆಯಬೇಕಾದದ್ದು ಮೆಷಿನ್ನಿನ ಆ ಮಟ್ಟವನ್ನು, ಮೇಜನ್ನಲ್ಲ. ಅದು ಮೊಣಕೈ ಮಟ್ಟಕ್ಕೆ ಬರಬೇಕು. ಹಾಗಾಗಿ ನನ್ನಂಥವರಿಗೆ 40ರ ಸ್ಟೂಲಿನಲ್ಲಿ ಕೂತರೆ ಮೆಷಿನ್ನಿನ ಮೇಜು 53, 54 ಸೆಂ.ಮೀ. ಸಾಕು, ಆದರೆ ತೊಡೆ ಹೋಗುವುದಿಲ್ಲ. ಆದ್ದರಿಂದ ಮೆಷಿನ್ ಹಲಗೆಯೊಳಗೆ ಇಳಿದು ಕೂರುವಂತೆ ಕಿಂಡಿ ಕೊಯ್ಸುವುದೇ ಸರಿಯಾದ ದಾರಿ. ಅದಾಗದಿದ್ದರೆ ಕುರ್ಚಿ ಎತ್ತಿ. ಕಾಲಡಿಯ ಹಲಗೆಯ ಮೇಲೆಯೇ ಪೆಡಲ್ ಇಟ್ಟು, ಅದು ಜಾರದಂತೆ ಪಟ್ಟಿ ಹೊಡೆಯಿರಿ.

ಹೆಜ್ಜೆ 7: ಮೇಜಿನ ಮೇಲಿನ ಜಾಗ ಮತ್ತು ಬೆಳಕು

ಮೊಣಕೈ ಮೈಗೆ ತಾಗಿರುವಂತೆಯೇ ಮುಂಗೈಯನ್ನು ಕಮಾನಿನ ಹಾಗೆ ಆಡಿಸಿ. ಆ ಕಮಾನಿನೊಳಗೆ ಪದೇ ಪದೇ ಬೇಕಾದ ಸಾಮಾನು ಇರಲಿ. ಅಂಟು, ಕತ್ತರಿ, ಮಣಿಯ ಬಟ್ಟಲು. ಕೈ ಪೂರ್ತಿ ಚಾಚಿದರೆ ಸಿಗುವಷ್ಟು ದೂರದಲ್ಲಿ ಗಂಟೆಗೊಮ್ಮೆ ಬೇಕಾದದ್ದು. ಅದಕ್ಕೂ ಆಚೆ ಇರುವುದನ್ನು ಎದ್ದೇ ತರಬೇಕು, ಹಾಗೆ ಏಳುವುದೂ ಒಳ್ಳೆಯದೇ.

ಸೂಕ್ಷ್ಮ ಕೆಲಸಕ್ಕೆ ಮೇಜನ್ನೇ ಎತ್ತುವ ಬದಲು ಇಳಿಜಾರಿನ ಹಲಗೆ ಇಡಬಹುದು. ಹಿಂದಿನ ಅಂಚಿಗೆ ರೀಪಿನ ಎರಡು ತುಂಡು ಕೊಟ್ಟರೆ ಆಯಿತು. ಕೆಲಸ ನಿಮ್ಮ ಮುಖದ ಕಡೆ ವಾಲುತ್ತದೆ, ಕುತ್ತಿಗೆ ಕಡಿಮೆ ಬಾಗುತ್ತದೆ. ಮಣಿ ಉರುಳದಂತೆ ಮುಂದೆ ಸಣ್ಣ ಅಂಚು ಹೊಡೆದು ದಪ್ಪ ಬಟ್ಟೆ ಹಾಸಿ.

ಎತ್ತರ ಸರಿ ಇದ್ದೂ ಬಾಗುತ್ತಿದ್ದೀರಿ ಅಂದರೆ ಬೆಳಕು ನೋಡಿ. ಆಷಾಢದಲ್ಲಿ ನಮ್ಮಲ್ಲಿ ಮಧ್ಯಾಹ್ನವೇ ಕತ್ತಲು. ಸೀಲಿಂಗಿನ ದೀಪ ಬೆನ್ನ ಹಿಂದೆ ಇದ್ದರೆ ನಿಮ್ಮದೇ ನೆರಳು ಕೆಲಸದ ಮೇಲೆ ಬೀಳುತ್ತದೆ. ಬಲಗೈಯವರಿಗೆ ದೀಪ ಎಡಬದಿಯಿಂದ, ಎಡಗೈಯವರಿಗೆ ಬಲಬದಿಯಿಂದ ಬರಲಿ. ಬಗ್ಗಿಸಬಹುದಾದ ಕತ್ತಿನ ಎಲ್‌ಇಡಿ ದೀಪ ಒಂದು ಸಾಕು. ಕನ್ನಡಿ ಚೂರಿನ ಹೊಳಪು ಕಣ್ಣಿಗೆ ಹೊಡೆಯದಂತೆ ತಿರುಗಿಸಿಕೊಳ್ಳಿ. 40 ದಾಟಿದವರು ಕನ್ನಡಕದ ನಂಬರನ್ನೂ ನೋಡಿಸಿ. ಓದುವ ದೂರಕ್ಕೆ ಕೊಟ್ಟ ಕನ್ನಡಕ ಮಣಿಯ ದೂರಕ್ಕೆ ಸರಿ ಇರಬೇಕೆಂದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗ ಕೆಲಸ ಕಣ್ಣಿನಿಂದ ಎಷ್ಟು ದೂರ ಇರುತ್ತದೆ ಅಂತ ಅಳೆದುಕೊಂಡು ಹೋಗಿ.

ನೆಲ, ಮಳೆ, ಮರ

ಜಗಲಿಯಲ್ಲಿ ಮೇಜು ಹಾಕುವವರು ಒಂದನ್ನು ಗಮನಿಸಿ. ನೀರು ಹೊರಗೆ ಹರಿಯಲಿ ಅಂತ ಜಗಲಿಯ ನೆಲಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಮೇಜಿನ ಎರಡು ತುದಿಗೆ ಒಂದೆರಡು ಸೆಂ.ಮೀ. ವ್ಯತ್ಯಾಸ ಅಲ್ಲೇ ಬರುತ್ತದೆ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ತಗ್ಗಿನ ಕಾಲಿಗೆ ಬೆಣೆ ಕೊಡಿ. ಅಲುಗಾಡುವ ಮೇಜಿನಲ್ಲಿ ಕೈ ತಾನಾಗಿ ಬಿಗಿಯುತ್ತದೆ, ಎತ್ತರ ಎಷ್ಟು ಸರಿ ಇದ್ದರೂ ಹೆಗಲು ನೋಯುತ್ತದೆ.

ಕಾಲುಗಳ ತುದಿಗೆ ರಬ್ಬರ್ ಬುಶ್ ಹಾಕಿಸಿ. ಒದ್ದೆ ನೆಲದಿಂದ ನೀರು ಕುಡಿದ ಮರ ಉಬ್ಬುತ್ತದೆ, ಗೆದ್ದಲಿಗೂ ದಾರಿಯಾಗುತ್ತದೆ. ಹಲಸು ನಮ್ಮಲ್ಲಿ ಸಿಗುತ್ತದೆ, ಬಾಳುತ್ತದೆ. ಪ್ಲೈವುಡ್ ಹಾಕುವುದಾದರೆ ನೀರಿಗೆ ತಡೆಯುವಂಥದ್ದೇ ಹಾಕಿ, ಕೊಯ್ದ ಅಂಚುಗಳಿಗೆಲ್ಲ ಬಣ್ಣವೋ ವಾರ್ನಿಶೋ ಬಳಿಯಿರಿ.

ಇಬ್ಬರಿಗೆ ಒಂದೇ ಮೇಜಾದರೆ

ಎತ್ತರ ಇರುವವರಿಗೆ ಮೇಜು ಹೊಂದಿಸಿ. ಗಿಡ್ಡ ಇರುವವರಿಗೆ ಕುರ್ಚಿ ಎತ್ತಿ, ಕಾಲಡಿಗೆ ಹಲಗೆ ಕೊಡಿ. ನಿಂತು ಮಾಡುವ ಕೆಲಸಕ್ಕೆ ಗಿಡ್ಡ ಇರುವವರು ಅಗಲವಾದ ಹಲಗೆಯ ಮೇಲೆ ನಿಲ್ಲಲಿ. ಅತ್ತೆ ಸೊಸೆ ಇಬ್ಬರೂ ಕೆಲಸ ಮಾಡುವ ಮನೆಗಳಲ್ಲಿ ಇದು ಬೇಕಾಗುತ್ತದೆ.

ಎಷ್ಟು ಸರಿ ಮಾಡಿದರೂ

ಅರ್ಧ ಗಂಟೆಗೊಮ್ಮೆ ಭಂಗಿ ಬದಲಿಸಿ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ ಸಾಕು. ನಾನು ಕುಳಿತು ಮಾಡುವ ಕೆಲಸ ಮತ್ತು ನಿಂತು ಮಾಡುವ ಕೆಲಸವನ್ನು ಒಂದಾದ ಮೇಲೆ ಒಂದರಂತೆ ಇಟ್ಟುಕೊಂಡಿದ್ದೇನೆ. ಬೆರಳು ಜುಂ ಅನ್ನುವುದು, ರಾತ್ರಿ ನೋವಿಗೆ ಎಚ್ಚರ ಆಗುವುದು, ಹಿಡಿದ ವಸ್ತು ಕೈಯಿಂದ ಜಾರುವುದು ಶುರುವಾದರೆ ಹಲಗೆ, ಬೆಣೆಯಲ್ಲಿ ಕಾಲ ಕಳೆಯಬೇಡಿ. ಡಾಕ್ಟರಿಗೆ ತೋರಿಸಿ.

ಆಚಾರ್ರಿಗೆ ಹೇಳುವುದು ಹೇಗೆ

"ಸ್ವಲ್ಪ ತಗ್ಗು ಮಾಡಿ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಚೀಟಿಯಲ್ಲಿ ಮೂರು ಅಂಕಿ ಬರೆದು ಕೊಡಿ. ಹಲಗೆಯ ಮೇಲ್ಮೈ ನೆಲದಿಂದ ಎಷ್ಟು. ಕೆಳಗೆ ತೊಡೆಗೆ ಎಷ್ಟು ಜಾಗ ಖಾಲಿ ಬೇಕು. ಅಂಚು ಎಷ್ಟು ಉರುಟು. ಸೆಂ.ಮೀ. ಬೇಡ ಅಂದರೆ ಇಂಚಿಗೆ ತಿರುಗಿಸಿ ಕೊಡಿ, 2.54ರಿಂದ ಭಾಗಿಸಿದರೆ ಆಯಿತು. ಕಾಲುಗಳನ್ನು ಬೇಕಾದ್ದಕ್ಕಿಂತ ಮೂರು ಸೆಂ.ಮೀ. ಉದ್ದವೇ ಇಡಲು ಹೇಳಿ. ಆ ಮೂರು ಸೆಂ.ಮೀ.ಗೆ ಸರಿಯಾಗಿ ಕುರ್ಚಿಯನ್ನೂ ಪಾದವನ್ನೂ ಎತ್ತಿಕೊಂಡು ಒಂದು ವಾರ ಕೆಲಸ ಮಾಡಿ ನೋಡಿ. ಹಿಡಿಸಿದ ಎತ್ತರಕ್ಕೆ ಕಾಲಿನ ಮೇಲೆ ಪೆನ್ಸಿಲ್ ಗುರುತು ಹಾಕಿ ಅವರನ್ನು ಇನ್ನೊಮ್ಮೆ ಕರೆಸಿ. ಕತ್ತರಿಸಲು ಕಾಲು ಗಂಟೆಯ ಕೆಲಸ. ಗಿಡ್ಡ ಕತ್ತರಿಸಿದ ಕಾಲನ್ನು ಉದ್ದ ಮಾಡಲಿಕ್ಕೆ ಬರುವುದಿಲ್ಲ ಅಲ್ವಾ.